ಬ್ಯಾರಲ್‌ಗೆ 1,300 ಹೆಚ್ಚಾಯಿತೇ? ದೋಟಿ ಕೆಲಸದ ದರ ಮತ್ತು ತೋಟದವರ ಲಾಭ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವನು, ವಯಸ್ಸು 29. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು, 1,25,000 ರೂಪಾಯಿ ಸಾಲ ಮಾಡಿ ಕಾರ್ಬನ್ ಫೈಬರ್ ದೋಟಿ (ನೆಲದಲ್ಲೇ ನಿಂತು ಮರದ ತುದಿ ಮುಟ್ಟುವ ಉದ್ದ ಕೋಲು), ಔಷಧಿ ಪಂಪು, ಪೈಪು ತಂದಿದ್ದೇನೆ. ಇಬ್ಬರು ಹುಡುಗರನ್ನು ಜೊತೆಗಿಟ್ಟುಕೊಂಡು ಮಳೆಗಾಲದಲ್ಲಿ ಅಡಿಕೆ ತೋಟಗಳಿಗೆ ಕೊಳೆರೋಗದ ಔಷಧಿ ಹೊಡೆಯುತ್ತೇನೆ, ಕೊಯ್ಲಿನಲ್ಲಿ ಕೊನೆ (ಅಡಿಕೆ ಗೊಂಚಲು) ತೆಗೆಯುತ್ತೇನೆ. ಒಂದು ಬ್ಯಾರಲ್ ಔಷಧಿ ಹೊಡೆಯಲು 1,300 ತಗೊಳ್ತೇನೆ. ಮರ ಹತ್ತುವ ಹಳೆಯ ತಂಡ 1,000ಕ್ಕೆ ಹೊಡೆಯುತ್ತದೆ. "ನಮ್ಮೂರ ಹುಡುಗನೇ ಆಗಿ ನಮ್ಮ ಹತ್ರಾನೇ ದುಡ್ಡು ಮಾಡ್ತೀಯಲ್ಲೋ" ಅಂತ ನಾಲ್ಕು ಜನ ಅಂದಿದ್ದಾರೆ. ಅಜ್ಜಿ ಬೇರೆ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳ್ತಾರೆ. ಜನಕ್ಕೆ ಉಪಕಾರ ಆಗಬೇಕು, ನನ್ನ ಸಾಲವೂ ತೀರಬೇಕು. ಇವೆರಡಕ್ಕೆ ಏನು ಸಂಬಂಧ? ದರ ಹೇಗೆ ಕಟ್ಟಲಿ? ದೊಡ್ಡಪ್ಪನ ತೋಟವೂ ಉಂಟು, ಅವರ ಹತ್ತಿರ ತಗೊಳ್ಳಲೋ ಬೇಡವೋ?

ಉತ್ತರ: ನಿಮ್ಮೂರಿನವರ ಮಾತಿನ ಹಿಂದೆ ಒಂದು ಎಣಿಕೆ ಇದೆ. ನೀವು ಹೆಚ್ಚಿಗೆ ತಗೊಂಡ 300 ರೂಪಾಯಿ ಅವರ ಜೇಬಿನಿಂದ ನಿಮ್ಮ ಜೇಬಿಗೆ ಬಂತು, ನಡುವೆ ಬೇರೇನೂ ಆಗಲಿಲ್ಲ ಎಂಬ ಎಣಿಕೆ. ಅದು ಸರಿಯೋ ತಪ್ಪೋ ಎಂಬುದನ್ನು ಮನಸ್ಸಿನಲ್ಲಿ ಹುಡುಕಬೇಡಿ, ತೋಟದಲ್ಲಿ ಹುಡುಕಿ. ಒಂದು ಎಕರೆ ತೋಟ ಹಿಡಿದು ಲೆಕ್ಕ ಹಾಕೋಣ. ಕೆಳಗಿನ ಬೆಲೆ, ಕೂಲಿ, ಇಳುವರಿಗಳು ಲೆಕ್ಕಕ್ಕೆಂದು ಹಿಡಿದವು. ಅವುಗಳ ಜಾಗದಲ್ಲಿ ನಿಮ್ಮೂರಿನ ಅಂಕಿ ಹಾಕಿಕೊಳ್ಳಿ, ದಾರಿ ಬದಲಾಗುವುದಿಲ್ಲ.

ಒಂಬತ್ತು ಅಡಿಗೆ ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ. 200 ಲೀಟರಿನ ಒಂದು ಬ್ಯಾರಲ್ 110 ಮರಕ್ಕೆ ಬಂದರೆ ಎಕರೆಗೆ ಐದು ಬ್ಯಾರಲ್. ನಿಮಗೂ ಹಳೆಯ ತಂಡಕ್ಕೂ ಇರುವ ವ್ಯತ್ಯಾಸ ಒಂದು ಸುತ್ತಿಗೆ 1,500, ಎರಡು ಸುತ್ತಿಗೆ 3,000 ರೂಪಾಯಿ. ಒಣ ಅಡಿಕೆ ಕ್ವಿಂಟಲ್‌ಗೆ 45,000 ಎಂದು ಹಿಡಿದರೆ ಈ 3,000 ಎಂದರೆ ಆರೂಮುಕ್ಕಾಲು ಕೆಜಿ ಒಣ ಅಡಿಕೆ. ನೂರು ಕೆಜಿ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಉಳಿಯುವುದು 12-13 ಕೆಜಿ. ಹಾಗಾಗಿ ಆರೂಮುಕ್ಕಾಲು ಕೆಜಿ ಒಣ ಅಡಿಕೆಗೆ ಸುಮಾರು 50 ಕೆಜಿ ಹಸಿ ಅಡಿಕೆ ಬೇಕು. ಕೊನೆಯೊಂದು ಆರು ಕೆಜಿಗಿಂತ ತುಸು ಹೆಚ್ಚು ತೂಗಿದರೆ ಎಂಟು ಕೊನೆ.

ಮರಕ್ಕೆ ಎರಡೇ ಕೊನೆ ಎಂದರೂ ಆ ಎಕರೆಯಲ್ಲಿ 1,080 ಕೊನೆಗಳಿವೆ. ಹಳೆಯ ತಂಡ ಹೊಡೆದಿದ್ದರೆ ಉಳಿಯುತ್ತಿದ್ದುದಕ್ಕಿಂತ ಎಂಟು ಕೊನೆ ಹೆಚ್ಚು ನಿಮ್ಮ ಕೆಲಸದಿಂದ ಉಳಿದರೆ ತೋಟದವರಿಗೆ ನಿಮ್ಮ ಹೆಚ್ಚುವರಿ ದರ ವಾಪಸ್ ಬಂತು. ಒಂಬತ್ತನೆಯ ಕೊನೆಯಿಂದ ಅವರಿಗೆ ಲಾಭ. ಎಂಟು ಉಳಿಯಲಿಲ್ಲವೋ, ಅವರ ಮಾತು ನಿಜ.

ನಿಮ್ಮಿಂದ ಆದ ಉಪಕಾರವನ್ನು ಅಳೆಯುವುದು ಹೀಗೆ. ನೀವು ಇಲ್ಲದಿದ್ದರೆ ಏನಾಗುತ್ತಿತ್ತು, ನೀವು ಇದ್ದು ಏನಾಯಿತು, ಇವೆರಡರ ನಡುವಿನ ಅಂತರವೇ ನಿಮ್ಮ ಕೊಡುಗೆ. "ನಾನು ಹೊಡೆಯದಿದ್ದರೆ ಅರ್ಧ ಬೆಳೆ ಕೊಳೆಗೆ ಹೋಗುತ್ತಿತ್ತು, 1,80,000 ಉಳಿಸಿಕೊಟ್ಟೆ" ಎಂದು ಹೇಳಿಕೊಳ್ಳುವ ಹಾಗಿಲ್ಲ. ನೀವು ಬರದಿದ್ದರೆ ಅವರು ಸುಮ್ಮನೆ ಕೂರುತ್ತಿರಲಿಲ್ಲ, ಹಳೆಯ ತಂಡವನ್ನು ಕರೆಯುತ್ತಿದ್ದರು. ಆ ತಂಡಕ್ಕಿಂತ ನೀವು ಎಷ್ಟು ಚೆನ್ನಾಗಿ ಮಾಡಿದಿರಿ ಎಂಬುದಷ್ಟೇ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಕಟುವಾದ ಅಳತೆ ಇದು. ಆದರೆ ಗಿರಾಕಿ ಮನಸ್ಸಿನಲ್ಲೇ ಹಾಕುವ ಲೆಕ್ಕವೂ ಇದೇ.

ಆ ಎಂಟು ಕೊನೆ ಎಲ್ಲಿಂದ ಬರುತ್ತವೆ? ಬಹುಪಾಲು ದಿನಾಂಕದಿಂದ. ನೀವು ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ಔಷಧಿ, ಕೊಳೆ ಬಾರದಂತೆ ತಡೆಯುತ್ತದೆ, ಬಂದ ಕೊಳೆಯನ್ನು ವಾಸಿ ಮಾಡುವುದಿಲ್ಲ. ಕಾಯಿಯ ಮೇಲೆ ತಾಮ್ರದ ಪದರ ಒಣಗಿ ಕೂತಿರಬೇಕು, ಆಮೇಲೆ ಮಳೆ ಹಿಡಿಯಬೇಕು. ರೋಹಿಣಿ ಮಳೆಯ ಹೊತ್ತಿಗೆ, ತಡವಾದರೆ ಮೃಗಶಿರದ ಮೊದಲ ಹೊಳವಿನಲ್ಲಿ (ಮಳೆ ಬಿಟ್ಟ ಹೊತ್ತಿನಲ್ಲಿ) ಹೊಡೆದ ಔಷಧಿಗೂ, ಆರಿದ್ರಾ ಹಿಡಿದು ಕಾಯಿ ನಾಲ್ಕು ದಿನ ನೆನೆದ ಮೇಲೆ ಹೊಡೆದ ಔಷಧಿಗೂ ಖರ್ಚು ಒಂದೇ, ಫಲ ಬೇರೆ. ಎರಡನೆಯ ಸುತ್ತು 40-45 ದಿನಕ್ಕೆ, ಅಂದರೆ ಪುನರ್ವಸು, ಪುಷ್ಯದ ನಡುವೆ ಸಿಗುವ ಹೊಳವಿನಲ್ಲಿ. ಮಳೆ ಜಗ್ಗದಿದ್ದರೆ ಮೂರನೆಯದ್ದೂ ಬೇಕಾಗಬಹುದು. ಹತ್ತುವ ತಂಡ ದೊಡ್ಡ ತೋಟಗಳನ್ನು ಮುಗಿಸಿ ಸಣ್ಣ ತೋಟಕ್ಕೆ ಬರುವ ಹೊತ್ತಿಗೆ ಮೊದಲ ಸುತ್ತು ಹತ್ತು ಹದಿನೈದು ದಿನ ತಡವಾಗುವುದು ಸಾಮಾನ್ಯ. ಅರ್ಧ ಎಕರೆ, ಒಂದು ಎಕರೆಯವರಿಗೆ ನೀವು ಕೊಡುವ ದೊಡ್ಡ ವಸ್ತು ಈ ಹತ್ತು ದಿನ. ಮೇ ತಿಂಗಳ ಮೊದಲ ವಾರದಲ್ಲೇ ಮನೆ ಮನೆಗೆ ದಿನಾಂಕ ಹೇಳಿ ಬರೆದುಕೊಡಿ, ಆ ದಿನಕ್ಕೆ ಹೋಗಿ. ತಡವಾಗಿ ಹೋದಿರೋ, ಹಳೆಯ ತಂಡಕ್ಕೂ ನಿಮಗೂ ವ್ಯತ್ಯಾಸ ಉಳಿಯಲಿಲ್ಲ, 300 ಕೇಳುವ ಆಧಾರವೂ ಹೋಯಿತು.

ಇನ್ನು ನಿಮ್ಮ ಕಡೆಯ ಲೆಕ್ಕ. ಪತ್ರದಲ್ಲಿ ಇದು ಎಲ್ಲೂ ಕಾಣಲಿಲ್ಲ. ಸಾಲದ ಮೊತ್ತ ಗೊತ್ತು, ದಿನದ ಖರ್ಚು ಗೊತ್ತಿಲ್ಲ. ಇದು ಅಪಾಯ.

ದೋಟಿಗೆ 80,000, ಪಂಪು-ಪೈಪು-ಗನ್ನಿಗೆ 45,000 ಎಂದು ಹಿಡಿದು ಐದು ವರ್ಷ ಬಾಳಿಕೆ ಕೊಟ್ಟರೆ ವರ್ಷಕ್ಕೆ 16,000 ಮತ್ತು 9,000 ಸವೆತ. ನಾಜಲ್, ಪೈಪು ಬದಲು, ದುರಸ್ತಿ ಎಂದು 11,000. ಸಾಲದ ಬಡ್ಡಿ ಮೊದಲ ವರ್ಷ 14,000. ವಿಮೆ, ಕೈಗವಸು, ಕನ್ನಡಕ, ಹೆಲ್ಮೆಟ್ಟಿಗೆ 5,000. ಒಟ್ಟು 55,000. ವರ್ಷದಲ್ಲಿ ಕೆಲಸ ಸಿಗುವ ದಿನ ಎಷ್ಟು? ಔಷಧಿ ಕಾಲದಲ್ಲಿ ಹೊಳವು ಸಿಕ್ಕಿದ ನಲವತ್ತು ದಿನ, ಕೊಯ್ಲಿನಲ್ಲಿ ಎಪ್ಪತ್ತು ದಿನ ಎಂದರೆ 110. ಹಾಗಾದರೆ ದಿನಕ್ಕೆ 500 ರೂಪಾಯಿ ಬರೀ ಸಾಮಾನಿನ ಬಾಬ್ತು. ಇಬ್ಬರು ಹುಡುಗರ ಸಂಬಳ 1,800, ಪಂಪಿಗೂ ಗಾಡಿಗೂ ಪೆಟ್ರೋಲ್ 500. ನಿಮ್ಮ ಮನೆಖರ್ಚಿಗೆ ತಿಂಗಳಿಗೆ 16,500 ಬೇಕೆಂದರೆ ವರ್ಷಕ್ಕೆ 1,98,000. ಅದೂ ಈ 110 ದಿನದಿಂದಲೇ ಬರಬೇಕು, ಅಂದರೆ ದಿನಕ್ಕೆ 1,800. ಎಲ್ಲ ಸೇರಿ 4,600.

ದಿನಕ್ಕೆ ನಾಲ್ಕು ಬ್ಯಾರಲ್ ಬಿದ್ದರೆ ಒಂದರ ಅಸಲು 1,150. ಮಳೆ ಬಂದು ಮೂರಕ್ಕೇ ನಿಂತರೆ 1,533. ಮೂರೂವರೆ ಸರಾಸರಿ ಬಿದ್ದರೆ 1,314. ನೀವು 1,300 ತಗೊಳ್ಳುತ್ತಿದ್ದೀರಿ. "ದುಡ್ಡು ಮಾಡ್ತೀಯಲ್ಲೋ" ಅನ್ನಿಸಿಕೊಂಡ ಆ ದರದಲ್ಲಿ ನಿಮಗೆ ಸಿಗುತ್ತಿರುವುದು ನಿಮ್ಮ ಕೂಲಿ ಮಾತ್ರ, ಅದರಲ್ಲೂ ದಿನಕ್ಕೆ 50 ರೂಪಾಯಿ ಕಮ್ಮಿ. ಮಾತಿಗೆ ಹೆದರಿ 1,000ಕ್ಕೆ ಇಳಿಸಿದರೆ ಮೂರೂವರೆ ಬ್ಯಾರಲ್‌ಗೆ 3,500 ಬರುತ್ತದೆ, ದಿನಕ್ಕೆ 1,100 ಕೈಬಿಡುತ್ತದೆ. ಮೊದಲ ವರ್ಷ ಇದು ಕಣ್ಣಿಗೆ ಬೀಳುವುದಿಲ್ಲ, ಸವೆತದ ಹಣ ಕೈಯಲ್ಲೇ ಓಡಾಡುತ್ತಿರುತ್ತದೆ. ಮೂರನೆಯ ವರ್ಷ ದೋಟಿಯ ಕೊಳವೆ ಸೀಳಿದಾಗ ಹೊಸದಕ್ಕೆ ಕಾಸಿರುವುದಿಲ್ಲ. ಆಗ ನಷ್ಟ ನಿಮ್ಮೊಬ್ಬರದ್ದೇ ಅಲ್ಲ. ನಿಮ್ಮನ್ನು ನಂಬಿದ ಮೂವತ್ತು ತೋಟದವರಿಗೆ ಮುಂದಿನ ರೋಹಿಣಿಗೆ ಯಾರೂ ಇರುವುದಿಲ್ಲ. ಅಸಲಿಗಿಂತ ಕೆಳಗೆ ಮಾಡುವ ಉಪಕಾರ ಹೀಗೆ ನಡುದಾರಿಯಲ್ಲಿ ನಿಂತುಹೋಗುತ್ತದೆ.

ಹಾಗಾದರೆ ದರ ಏರಿಸಬೇಕೇ? ಅದಕ್ಕಿಂತ ಒಳ್ಳೆಯ ದಾರಿ ಇದೆ. ಚದುರಿದ ತೋಟಗಳಿಗೆ ಹೋದಾಗ ನಿಮ್ಮ ಹೊತ್ತು ಎಲ್ಲಿ ಹೋಗುತ್ತದೆ ನೋಡಿ. ಪೈಪು ಬಿಚ್ಚಿ ಹಾಕುವುದಕ್ಕೆ, ಸುತ್ತುವುದಕ್ಕೆ, ಪಂಪು ಸಾಗಿಸುವುದಕ್ಕೆ, ಒಂದು ಗುಡ್ಡ ಇಳಿದು ಇನ್ನೊಂದು ಹತ್ತುವುದಕ್ಕೆ. ಈ ಹೊತ್ತಿನಿಂದ ಯಾವ ತೋಟದವರಿಗೂ ಪ್ರಯೋಜನವಿಲ್ಲ, ಆದರೂ ಎಲ್ಲರೂ ಅದಕ್ಕೆ ದುಡ್ಡು ಕೊಡುತ್ತಿದ್ದಾರೆ. ಒಂದೇ ಬಯಲಿನ, ಒಂದೇ ಹಳ್ಳದ ದಂಡೆಯ ನಾಲ್ಕೈದು ಮನೆಯವರನ್ನು ಕೂರಿಸಿ ಒಂದೇ ವರಸೆಯಲ್ಲಿ ದಿನ ಹಚ್ಚಿ. ಆಗ ದಿನಕ್ಕೆ ಐದು ಬ್ಯಾರಲ್ ಬೀಳುತ್ತದೆ. ಹಾಗೆ ಸೇರಿ ಬಂದವರಿಗೆ 1,200 ಎಂದು ಹೇಳಿ. ಐದಕ್ಕೆ 6,000, ಖರ್ಚು 4,600 ಕಳೆದು ದಿನಕ್ಕೆ 1,400 ಉಳಿಯಿತು. ಅವರಿಗೆ ನೂರು ರೂಪಾಯಿ ಇಳಿಯಿತು, ನಿಮಗೆ 50ರ ಕೊರತೆ ಹೋಗಿ 1,400 ಬಂತು, ಯಾರ ಜೇಬಿನಿಂದಲೂ ಏನೂ ಹೋಗಲಿಲ್ಲ. ಗುಡ್ಡ ಹತ್ತಿ ಇಳಿಯುವ ವ್ಯರ್ಥ ಹೊತ್ತು ದುಡ್ಡಾಯಿತು. ಗಳಿಕೆಗೂ ಉಪಕಾರಕ್ಕೂ ಸಂಬಂಧ ಏನು ಎಂದು ಕೇಳಿದಿರಲ್ಲ, ಅದು ಅತ್ಯಂತ ಶುದ್ಧವಾಗಿ ಕಾಣುವುದು ಇಂಥ ಕಡೆ.

ದರದ ಮೊತ್ತದಷ್ಟೇ ಮುಖ್ಯ, ದರವನ್ನು ಯಾವುದರ ಮೇಲೆ ಕಟ್ಟುತ್ತೀರಿ ಎಂಬುದು. ಬ್ಯಾರಲ್ ಲೆಕ್ಕದಲ್ಲಿ ಹೊಡೆಯುವವನಿಗೆ ಬ್ಯಾರಲ್ ಬೇಗ ಖಾಲಿಯಾದಷ್ಟೂ ಲಾಭ. ಗನ್ ಅಗಲ ಬಿಟ್ಟು ಸೋಗೆ, ಹಾಳೆ, ನೆಲಕ್ಕೆಲ್ಲ ಬಿದ್ದರೂ ಅವನ ಕೂಲಿ ಬಂತು. ಇದನ್ನು ಬಲ್ಲ ಮಾಲೀಕ "ಒಂದು ಬ್ಯಾರಲ್ ನೂರೈವತ್ತು ಮರಕ್ಕೆ ಬರಬೇಕು" ಎಂದು ಹಟ ಹಿಡಿಯುತ್ತಾನೆ, ಆಗ ಕೊನೆಯ ಹಿಂಬದಿ ಒಣಗಿಯೇ ಉಳಿಯುತ್ತದೆ, ಕೊಳೆ ಅಲ್ಲಿಂದಲೇ ಶುರು. ದಿನಗೂಲಿಗೆ ಒಪ್ಪಿದರೆ ಕೆಲಸ ಎಳೆಯುತ್ತದೆ. ಮರದ ಲೆಕ್ಕ ಮಾಡಿದರೆ ಮರಕ್ಕೆ ಕಮ್ಮಿ ಹೊಡೆದು ಮುಂದೆ ಹೋಗುವ ಆಸೆ. ಇವುಗಳಲ್ಲಿ ಸರಿಪಡಿಸಲು ಸುಲಭವಾದದ್ದು ಮರದ ಲೆಕ್ಕ. ಮರಕ್ಕೆ 12 ರೂಪಾಯಿ (540 ಮರಕ್ಕೆ 6,480, ಈಗಿನ ನಿಮ್ಮ ದರಕ್ಕೆ ಹತ್ತಿರ), ಜೊತೆಗೆ "110 ಮರಕ್ಕೆ ಒಂದು ಬ್ಯಾರಲ್‌ಗಿಂತ ಕಮ್ಮಿ ಹೊಡೆಯುವುದಿಲ್ಲ" ಎಂಬ ಮಾತು. ಬ್ಯಾರಲ್ ಮಾಲೀಕರ ಕಣ್ಣೆದುರೇ ಇರುತ್ತದೆ, ಮರ ಎಣಿಸಿದ್ದೇ ಇರುತ್ತದೆ. ಮೋಸಕ್ಕೂ ಅನುಮಾನಕ್ಕೂ ಜಾಗ ಕಿರಿದಾಗುತ್ತದೆ.

ಕೊನೆ ಕೊಯ್ಲಿಗೂ ಇದೇ ಮಾತು. ಕೊನೆಗಿಷ್ಟು ಎಂದು ಕೂಲಿಯಾದರೆ ಇನ್ನೂ ಹದ ಬಾರದ ಕೊನೆಯೂ ಕೆಳಗಿಳಿಯುತ್ತದೆ. ಎಳೆಯದನ್ನು ಕೊಯ್ದರೆ ಹಸ (ಮೇಲಿನ ದರ್ಜೆಯ ಅಡಿಕೆ) ಸಿಗಬಹುದು, ಆದರೆ ತೂಕ ಬೀಳುತ್ತದೆ. ಬಲಿತುಹೋದದ್ದು ಗೊರಬಲಿನ (ಕೆಳದರ್ಜೆಯ) ಕಡೆ ವಾಲುತ್ತದೆ. ಯಾವ ಹದಕ್ಕೆ ಕೊಯ್ಯಬೇಕೆಂಬ ತೀರ್ಮಾನ ಮಾಲೀಕರದ್ದು. ಸಾಲಿಗೊಂದು ಮರದಿಂದ ಕಾಯಿ ಇಳಿಸಿ ಹೋಳು ಮಾಡಿ ತೋರಿಸಿ, ಅವರು ಹೂಂ ಎಂದ ಮೇಲೆ ಆ ಸಾಲಿಗೆ ಕೈಹಾಕಿ. ಐದು ನಿಮಿಷದ ಕೆಲಸ, ಅದರ ಬೆಲೆ ಮಂಡಿಯಲ್ಲಿ ದರ್ಜೆಯಾಗಿ ಬರುತ್ತದೆ.

ದ್ರಾವಣದ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಈ ವೃತ್ತಿಯಲ್ಲಿ ಉಪಕಾರವಿಲ್ಲದೆ ದುಡ್ಡು ಮಾಡುವ ದಾರಿ ಇಲ್ಲಿಯೇ ಇರುವುದು. ಶೇ 1ರ ಬೋರ್ಡೋಗೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬ್ಯಾರಲ್‌ಗೆ ಎರಡೆರಡು ಕೆಜಿ. ಮೈಲುತುತ್ತವನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಅರ್ಧ ನೀರಿಗೆ ಕರಗಿಸಬೇಕು, ಕಬ್ಬಿಣದ ಡ್ರಮ್ ಬೇಡ. ಸುಣ್ಣವನ್ನು ಇನ್ನರ್ಧ ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಬೇಕು, ಸೋಸದಿದ್ದರೆ ನಾಜಲ್ ಕಟ್ಟಿ ಅರ್ಧ ದಿನ ಹೋಗುತ್ತದೆ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕಲಕಬೇಕು. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಲೇಪ ಹಿಡಿದರೆ ತಾಮ್ರ ಬಿಡಿಯಾಗಿ ಉಳಿದಿದೆ, ಹಿಂಗಾರ (ಅಡಿಕೆಯ ಹೂಗೊಂಚಲು), ಎಳೆಗಾಯಿ ಸುಡಬಹುದು, ಇನ್ನಷ್ಟು ಸುಣ್ಣದ ನೀರು ಬೇಕು. ಲೇಪ ಬಾರದಿದ್ದರೆ ಹದ ಬಂತು. ಕಲಸಿದ್ದು ಅಂದೇ ಮುಗಿಯಬೇಕು.

ಈಗ ಒಬ್ಬ ಎರಡು ಕೆಜಿ ತುತ್ತದ ಬದಲು ಒಂದೂಕಾಲು ಕೆಜಿ ಹಾಕಿದ ಎನ್ನಿ. ನೀರು ಆಗಲೂ ನೀಲಿಯೇ. ತುತ್ತ ಕೆಜಿಗೆ 300 ಆದರೆ ಬ್ಯಾರಲ್‌ಗೆ 225 ಉಳಿತಾಯ, ಎಕರೆಗೆ 1,125. ಆಗಸ್ಟಿನಲ್ಲಿ ಕಾಯಿ ಉದುರುವವರೆಗೆ ಯಾರಿಗೂ ತಿಳಿಯುವುದಿಲ್ಲ, ಉದುರಿದಾಗ ಬೈಗುಳ ಮಳೆಗೆ. ಮಾರುಕಟ್ಟೆಯಲ್ಲಿ ಬಂದ ಪ್ರತಿ ರೂಪಾಯಿಯೂ ಯಾರಿಗೋ ಆದ ಪ್ರಯೋಜನದ ಗುರುತು ಎಂದು ಹೇಳುವವರಿದ್ದಾರೆ. ಈ 1,125 ರೂಪಾಯಿ ಅದಕ್ಕೆ ನೇರ ಉತ್ತರ. ಕೊಳ್ಳುವವನಿಗೆ ತಾನು ಕೊಂಡದ್ದು ಕಾಣದ ಕಡೆ ದುಡ್ಡು ಮತ್ತು ಪ್ರಯೋಜನ ಬೇರೆ ಬೇರೆ ದಾರಿ ಹಿಡಿಯುತ್ತವೆ. ಅವೆರಡನ್ನೂ ಒಟ್ಟಿಗೆ ಕಟ್ಟಿಹಾಕುವುದು ಕಾಣುವಂತೆ ಮಾಡುವ ಏರ್ಪಾಡು. 1939ರಲ್ಲಿ ಶಿವಮೊಗ್ಗದಲ್ಲಿ ಬೆಳೆಗಾರರ ಸಹಕಾರ ಸಂಘವಾಗಿ ಮಾಮ್ಕೋಸ್ ಹುಟ್ಟಿತು. ಅದರಿಂದ ತೋಟದಲ್ಲಿ ಒಂದು ಅಡಿಕೆಯೂ ಹೆಚ್ಚು ಬೆಳೆಯಲಿಲ್ಲ. ತೂಕವೂ ದರ್ಜೆಯೂ ಮಾರಾಟವೂ ಬೆಳೆಗಾರರೇ ಸದಸ್ಯರಾದ ಸಂಘದ ಅಂಗಳದಲ್ಲಿ ನಡೆಯುವಂತಾಯಿತು. ತಕ್ಕಡಿ ಕಣ್ಣೆದುರು ಇರುವುದಕ್ಕೂ ಬೆಲೆ ಇದೆ.

ನೀವು ಅದನ್ನೇ ತೋಟದ ಮಟ್ಟದಲ್ಲಿ ಮಾಡಿ. ತುತ್ತ, ಸುಣ್ಣ ಮಾಲೀಕರೇ ತರಲಿ, ಅವರ ಎದುರೇ ತೂಗಿ ಹಾಕಿ, ಚಾಕು ಅವರ ಕೈಗೇ ಕೊಡಿ. ಮುಗಿದ ಮೇಲೆ ದಿನಾಂಕ, ಮರದ ಸಂಖ್ಯೆ, ಬ್ಯಾರಲ್ ಸಂಖ್ಯೆ, ಮಳೆ ಬಂದ ಹೊತ್ತು ಬರೆದ ಚೀಟಿ ಬಿಟ್ಟು ಬನ್ನಿ. ಒಂದು ವಾರದೊಳಗೆ ಒಮ್ಮೆ ತೋಟ ಸುತ್ತಿ, ನೀಲಿ ಕಲೆ ಕಾಣದ ಕೊನೆಗಳಿಗೆ ದುಡ್ಡಿಲ್ಲದೆ ಹೊಡೆದುಕೊಡಿ. "ಕೊಳೆ ಬರುವುದಿಲ್ಲ" ಎಂಬ ಭರವಸೆ ಮಾತ್ರ ಕೊಡಬೇಡಿ. ಬಸಿಗಾಲುವೆ ಹೂಳು ತುಂಬಿ ತೋಟದಲ್ಲಿ ನೀರು ನಿಂತಿದ್ದರೆ, ಪಕ್ಕದ ತೋಟ ಹೊಡೆಸದೆ ಬಿಟ್ಟಿದ್ದರೆ, ಅದು ನಿಮ್ಮ ಕೈಯಲ್ಲಿಲ್ಲ. ದಿನಾಂಕ, ಹದ, ಎಲ್ಲ ಕೊನೆಗೂ ತಾಗಿಸುವುದು, ಈ ಮೂರು ನಿಮ್ಮ ಕೈಯಲ್ಲಿವೆ, ಇವಕ್ಕೆ ಮಾತು ಕೊಡಿ. ಹೊಡೆದು ಒಣಗುವ ಮೊದಲೇ ಮಳೆ ಸುರಿದು ತೊಳೆದರೆ ಯಾರ ಖರ್ಚು ಎಂಬುದನ್ನೂ ಮೊದಲೇ ಆಡಿಕೊಳ್ಳಿ. ಸಾಮಗ್ರಿ ಅವರದ್ದು, ಕೂಲಿ ಅರ್ಧ ಎಂಬುದು ಇಬ್ಬರಿಗೂ ನ್ಯಾಯ, ಏಕೆಂದರೆ ಮೋಡ ನೋಡಿಯೂ ಶುರು ಮಾಡಿದ ತಪ್ಪಿನಲ್ಲಿ ನಿಮ್ಮ ಪಾಲೂ ಇದೆ.

ಇಬ್ಬರ ನಡುವೆ ಲೆಕ್ಕ ಸರಿಯಾದ ಮಾತ್ರಕ್ಕೆ ಮುಗಿಯಲಿಲ್ಲ. ತಾಮ್ರ ಮೀನಿಗೆ ವಿಷ. ಬ್ಯಾರಲ್, ಪೈಪು ತೊಳೆದ ನೀರನ್ನು ಹಳ್ಳಕ್ಕೆ ಬಿಟ್ಟರೆ ನಿಮಗೂ ತೋಟದವರಿಗೂ ಕೆಲಸ ಸಲೀಸು, ನಷ್ಟ ಕೆಳಗಿನ ಊರಿನ ಕೆರೆಯವರದ್ದು. ಆ ಬೆಲೆ ನಿಮ್ಮ ಚೀಟಿಯಲ್ಲಿ ಎಲ್ಲೂ ಬರುವುದಿಲ್ಲ. ತೊಳೆದ ನೀರನ್ನು ತೋಟದ ಮೇಲ್ಭಾಗದಲ್ಲಿ, ಬಾವಿ ಹಳ್ಳಗಳಿಂದ ದೂರ, ಮಣ್ಣಿಗೇ ಇಂಗಿಸಿ. ಹಾಗೆಯೇ ಔಷಧಿ ಅಂಗಡಿಯವರು ಕಮಿಷನ್ ಕೊಡುತ್ತೇವೆ ಎಂದರೆ ಬೇಡ ಎನ್ನಿ. ಎಲೆಚುಕ್ಕಿ ರೋಗ ಮಲೆನಾಡಿನ ತೋಟಗಳನ್ನು ಕಾಡುತ್ತಿರುವ ಈ ಹೊತ್ತಿನಲ್ಲಿ, ದಿನವಿಡೀ ಸೋಗೆ ನೋಡುತ್ತ ನಡೆಯುವ ನಿಮ್ಮ ಕಣ್ಣು ಮಾಲೀಕರಿಗೆ ದೊಡ್ಡ ಸಹಾಯ. "ಮೇಲಿನ ಸಾಲಿನಲ್ಲಿ ಚುಕ್ಕಿ ಶುರುವಾಗಿದೆ, ತೋರಿಸಿ" ಎಂಬ ಮಾತನ್ನು ಅವರು ನಂಬುವುದು, ಆ ಮಾತಿನಿಂದ ನಿಮಗೆ ಕಾಸು ಬರುವುದಿಲ್ಲ ಎಂದು ಗೊತ್ತಿದ್ದಾಗ.

ಅಜ್ಜಿಯ ಕಥೆಯನ್ನು ಹಗುರವಾಗಿ ತಗೊಳ್ಳಬೇಡಿ. ಲಕ್ಕಮ್ಮನ ಗಂಡ ಮಾರಯ್ಯ ದಿನವೂ ಚೆಲ್ಲಿದ ಅಕ್ಕಿ ಆಯ್ದು ತರುವವನು, ಒಂದು ದಿನ ಎಂದಿಗಿಂತ ಹೆಚ್ಚು ತಂದ, ಲಕ್ಕಮ್ಮ ಅದನ್ನು ಮರಳಿ ಅಲ್ಲೇ ಸುರಿದು ಬರಲು ಹೇಳಿದಳು. ಅವಳು ಕಾಯಕಕ್ಕೆ ಸಿಕ್ಕಿದ್ದನ್ನು ಬೇಡ ಅನ್ನಲಿಲ್ಲ, ದಿನವೂ ಬೇಯಿಸಿದ್ದು ಅದನ್ನೇ. ಕಾಯಕದ ಅಳತೆ ಮೀರಿ ಆಸೆಯಿಂದ ಬಂದದ್ದು ಬೇಡ ಎಂದಳು. ನಿಮ್ಮ ಲೆಕ್ಕದಲ್ಲಿ ಆ ಹೆಚ್ಚಿನ ಅಕ್ಕಿ ಯಾವುದು? ತುತ್ತ ಕಮ್ಮಿ ಹಾಕಿ ಉಳಿಸಿದ್ದು, ಅಂಗಡಿಯ ಕಮಿಷನ್, ಮಳೆ ಬರುತ್ತಿದೆ ಎಂಬ ಗಾಬರಿಯಲ್ಲಿರುವ ಒಂಟಿ ಹೆಂಗಸಿಗೆ ಹೇಳಿದ ದುಪ್ಪಟ್ಟು ದರ. 1,300ರ ದರ ಆ ಪಟ್ಟಿಗೆ ಸೇರುವುದಿಲ್ಲ. ಅದರ ಲೆಕ್ಕವನ್ನು ಅಜ್ಜಿಯ ಮುಂದೆಯೇ ಬಿಡಿಸಿ ಹೇಳಬಹುದು, ಹೇಳಿ ನೋಡಿ.

ಉಪಕಾರ ದೊಡ್ಡದಾದಷ್ಟೂ ದುಡ್ಡು ದೊಡ್ಡದು ಎಂಬ ನಿಯಮವೂ ಇಲ್ಲ. ಬೋರ್ಡೋ ದ್ರಾವಣವನ್ನು ಮೊದಲು 1885ರ ಸುಮಾರಿಗೆ ಫ್ರಾನ್ಸಿನಲ್ಲಿ ದ್ರಾಕ್ಷಿಗೆ ಬಳಸಿದರು. ಅಡಿಕೆಯ ಕೊಳೆರೋಗವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಭ್ಯಾಸ ಮಾಡಿ 1910ರಲ್ಲಿ ಬರೆದರು. ಆ ಕಾಲದ ಕೆಲಸದಿಂದ ಈ ಔಷಧಿ ಮಲೆನಾಡಿನ ತೋಟಗಳಿಗೆ ಬಂತು. ನೂರು ವರ್ಷದಿಂದ ಉಳಿದ ಅಡಿಕೆಯ ಬೆಲೆ ಕಟ್ಟಲು ಸಾಧ್ಯವೇ? ಯಾವ ತೋಟದವರೂ ಅದಕ್ಕೆ ದುಡ್ಡು ಕೊಟ್ಟಿಲ್ಲ, ತಿಳಿವಳಿಕೆ ಒಮ್ಮೆ ಹರಡಿದ ಮೇಲೆ ಎಲ್ಲರದ್ದು. ಇನ್ನೊಂದು ತುದಿಗೆ ನಮ್ಮ ಅಪ್ಪೆಮಿಡಿ ನೋಡಿ. ಒಂದೇ ಮರದ ಮಿಡಿ, ತೊಟ್ಟು ಸಮೇತ ಪೆಟ್ಟಾಗದಂತೆ ಇಳಿಸಿದ್ದಕ್ಕೆ ಒಂದು ಬೆಲೆ, ಕೊಂಬೆ ಅಲ್ಲಾಡಿಸಿ ನೆಲಕ್ಕೆ ಬೀಳಿಸಿದ್ದಕ್ಕೆ ಇನ್ನೊಂದು, ಏಕೆಂದರೆ ಪೆಟ್ಟಾದದ್ದು ಉಪ್ಪುನೀರಿನಲ್ಲಿ ಮೆತ್ತಗಾಗಿ ಇಡೀ ಜಾಡಿ ಕೆಡುತ್ತದೆ. ಮರದ ಸೋನೆ, ಪರಿಮಳಕ್ಕೆ ಕೊಯ್ಯುವವನು ಏನೂ ಸೇರಿಸಿಲ್ಲ, ಬೇರೆಯವರು ಕೆಡಿಸುವುದನ್ನು ಕೆಡಿಸದೆ ಇಳಿಸಿದ. ನಿಮಗೂ ಹೀಗೆಯೇ. ಇವತ್ತು ಊರಿಗೆ ಒಂದು ದೋಟಿ, ನಾಳೆ ಆರು ಬರುತ್ತವೆ. ಆಗ ತೋಟಕ್ಕೆ ಆಗುವ ಪ್ರಯೋಜನ ಇಷ್ಟೇ ಇರುತ್ತದೆ, ಆದರೆ ನಿಮ್ಮ ಬದಲು ಕರೆಯಲು ಒಳ್ಳೆಯವರೇ ಸಿಗುವುದರಿಂದ ದರ ಇಳಿಯುತ್ತದೆ. ಅದನ್ನು ಅನ್ಯಾಯ ಎಂದುಕೊಳ್ಳಬೇಡಿ. ಅದಕ್ಕೆಂದೇ ಸಾಲವನ್ನು ಮೊದಲ ಮೂರು ವರ್ಷದಲ್ಲಿ ತೀರಿಸುವಂತೆ ಕಂತು ಕಟ್ಟಿಕೊಳ್ಳಿ, ಐದು ವರ್ಷಕ್ಕೆ ಎಳೆಯಬೇಡಿ.

ಉದ್ರಿಯ ಮಾತು. "ಅಡಿಕೆ ಮಾರಿದ ಮೇಲೆ ಕೊಡ್ತೇವೆ" ಎನ್ನುವುದು ನಮ್ಮ ಕಡೆ ಸಹಜ. ಆದರೆ ಜೂನಿನ ಕೂಲಿ ಜನವರಿಗೆ ಬಂದರೆ ಏಳು ತಿಂಗಳ ಬಡ್ಡಿ ನಿಮ್ಮದು, ಹುಡುಗರ ಸಂಬಳ ಮಾತ್ರ ಸಂಜೆಗೇ ಬೇಕು. ಹೊಡೆದ ದಿನ ಅರ್ಧ, ದೀಪಾವಳಿಗೆ ಇನ್ನರ್ಧ ಎಂದು ಎಲ್ಲರಿಗೂ ಒಂದೇ ಮಾತು ಹೇಳಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಒದ್ದೆ ದೋಟಿ ತಂತಿಗೆ ತಾಗಿದರೆ ಜೀವ ಉಳಿಯುವುದು ಕಷ್ಟ. ತೋಟದ ಮೇಲೆ ಲೈನು ಹಾದಿದ್ದರೆ ವಿದ್ಯುತ್ ಕಂಪನಿ ಮೆಸ್ಕಾಂಗೆ ಹೇಳಿ ಲೈನಿನ ಕರೆಂಟ್ ತೆಗೆಸಿದ ಮೇಲೆ ಮಾತ್ರ ಆ ಸಾಲು, ಇಲ್ಲದಿದ್ದರೆ ಆ ಸಾಲು ಬಿಟ್ಟುಬಿಡಿ, ಎಷ್ಟು ದುಡ್ಡು ಕೊಟ್ಟರೂ. ಇಬ್ಬರು ಹುಡುಗರಿಗೂ ನಿಮಗೂ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ ಎರಡು ಲಕ್ಷ. ಅದು ಸಾಲದು, ಮೇಲೊಂದು ಅಪಘಾತ ವಿಮೆಯೂ ಇರಲಿ. ಮೇಲಿನ 5,000ದಲ್ಲಿ ಅದೂ ಸೇರಿದೆ. 1,000 ರೂಪಾಯಿ ದರದವರು ಅಗ್ಗವಾಗಿರುವುದಕ್ಕೆ ಒಂದು ಕಾರಣ, ಬಿದ್ದರೆ ಏನು ಗತಿ ಎಂಬ ಖರ್ಚು ಅವರ ದರದಲ್ಲಿ ಇಲ್ಲದಿರುವುದು. ಆ ಹಿರಿಯರ ಕೌಶಲಕ್ಕೆ ಸಲ್ಲಬೇಕಾದದ್ದು ಸಂದಿಲ್ಲ ಎಂದೇ ಇದರ ಅರ್ಥ. ಅವರ ದರವನ್ನು ನಿಮ್ಮ ಅಳತೆಗೋಲು ಮಾಡಿಕೊಳ್ಳಬೇಡಿ. ಕಾಯಿಯ ಹದ ನೋಡಲು ಅವರಲ್ಲೊಬ್ಬರು ನೆಲದ ಮೇಲೆ ನಿಂತು ನಿಮ್ಮ ಜೊತೆ ಬರುವುದಾದರೆ ಹುಡುಗರಿಗಿಂತ ಹೆಚ್ಚು ಸಂಬಳ ಕೊಟ್ಟು ಕರೆದುಕೊಳ್ಳಿ.

ದೊಡ್ಡಪ್ಪನ ತೋಟ. ಮಲೆನಾಡಿನಲ್ಲಿ ಇದಕ್ಕೆ ಹಳೆಯ ಏರ್ಪಾಡು ಇದ್ದೇ ಇದೆ, ಮುಯ್ಯಾಳು, ಅಂದರೆ ಕೆಲಸಕ್ಕೆ ಬದಲು ಕೆಲಸ. ನಿಮ್ಮ ಕೈಯಿಂದ ಹೋಗುವ ದುಡ್ಡು, ಅಂದರೆ ಹುಡುಗರ 1,800, ಪೆಟ್ರೋಲಿನ 500, ಸಾಮಾನಿನ 500, ಒಟ್ಟು ದಿನಕ್ಕೆ 2,800 ಅವರಿಂದ ತಗೊಳ್ಳಿ. ಬಿಟ್ಟರೆ ಸಾಲ ಕೊಟ್ಟವರ ದುಡ್ಡಿನಲ್ಲಿ ನೀವು ಉಪಕಾರ ಮಾಡಿದ ಹಾಗೆ. ನಿಮ್ಮ ಸ್ವಂತ 1,800ರ ಬದಲಿಗೆ ಮುಯ್ಯಿ. ನಿಮ್ಮ ಮನೆಯ ಅಡಿಕೆ ಸುಲಿಯುವಾಗ ಅವರ ಮನೆಯಿಂದ ಇಬ್ಬರು ಬಂದು ಎರಡು ದಿನ ಮೆಟ್ಟುಗತ್ತಿ ಹಿಡಿಯಲಿ, ಅಥವಾ ಅವರ ಒಣಗಿಸುವ ಅಂಗಳ ಒಂದು ವಾರ ನಿಮಗಿರಲಿ. ಎಷ್ಟು ದಿನ ಹೋಯಿತು, ಎಷ್ಟು ಬಂತು ಎಂದು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಅವರಿಗೂ ಬೇರೆಯವರಂತೆ ಮೊದಲೇ ದಿನಾಂಕ ಕೊಡಿ. ಮನೆಯವರು ತಾನೇ ಎಂದು ಮುಂದೂಡಿ, ಆರಿದ್ರಾ ಹಿಡಿದ ಮೇಲೆ ಹೋಗಿ ಹೊಡೆದರೆ, ದುಡ್ಡು ತಗೊಳ್ಳದಿದ್ದರೂ ಅವರಿಗೆ ನಷ್ಟವೇ.